‘ಚೆನ್ನಾಗಿದೀನಿ’ ಎಂದವನ ಹಾಸಿಗೆ ಕಿತ್ತುಕೊಂಡವರಿಗೆ

ರಾಜ್ಯದ ಮಾನಸಿಕ ಆರೋಗ್ಯ ಸೇವೆಗಳ ನಿರ್ದೇಶಕರೇ,

ನನ್ನ ತಮ್ಮ ಡಾರ್ನೆಲ್ ಈಗ ಜೈಲಿನಲ್ಲಿದ್ದಾನೆ. ಅವನನ್ನು ಅಲ್ಲಿಗೆ ಕಳಿಸಿದ್ದು ಪೊಲೀಸರಲ್ಲ, ನೀವು. ಬಡವರ ಚಿಕಿತ್ಸೆಗೆಂದು ಸರ್ಕಾರ ಎತ್ತಿಟ್ಟ ಹಣವನ್ನು ಖಾಸಗಿ ಕಂಪನಿಯ ಕೈಗಿತ್ತು, ಯಾರು ಆಸ್ಪತ್ರೆಯಲ್ಲಿರಬೇಕು, ಯಾರು ಮನೆಗೆ ಹೋಗಬೇಕು ಎಂಬುದನ್ನೂ ಅದೇ ತೀರ್ಮಾನಿಸಲಿ ಎಂದು ಸಹಿ ಹಾಕಿದವರು ನೀವು. ಚಿಕಿತ್ಸೆ ಕಡಿಮೆ ಕೊಟ್ಟಷ್ಟೂ ಲಾಭ ಹೆಚ್ಚುವವರಿಗೆ ಕಾಯಿಲೆಯವರನ್ನು ಒಪ್ಪಿಸುವ ಈ ಘನಬುದ್ಧಿ ನಿಮಗೆ ಎಲ್ಲಿಂದ ಬಂತು?

ಗೋಡೆಯೊಳಗಿನ ದನಿಗಳಿಗೆ ಹೆದರಿ ಅನ್ನನೀರು ಬಿಟ್ಟಿದ್ದವನನ್ನು ನಾನೂ ಅಮ್ಮನೂ ಆಸ್ಪತ್ರೆಗೆ ಸೇರಿಸಿದ್ದೆವು. ಔಷಧಿ ಹಿಡಿಯುವ ಮೊದಲೇ ಕಂಪನಿಯ ಡಾಕ್ಟರು ಚಿಕಾಗೋದಿಂದ ಅವನಿಗೆ ಫೋನು ಮಾಡಿದರು.

“ಹೇಗಿದೀರಾ?”

“ದೇವರ ದಯೆ, ಚೆನ್ನಾಗಿದೀನಿ ಸರ್. ನೀವು ಹೇಗಿದೀರಾ? ಮನೇಲೆಲ್ಲ ಸೌಖ್ಯಾನಾ?”

ಅಷ್ಟೇ, ಕಾಯಿಲೆ ವಾಸಿ!

ಅಮೆರಿಕದ ಈ ದಕ್ಷಿಣದಲ್ಲಿ, ನಮ್ಮ ಕಪ್ಪುಜನರ ಚರ್ಚಿನಲ್ಲಿ ಬೆಳೆದವರು ಯಾರು ಕೇಳಿದರೂ ಹಾಗೆಯೇ ಹೇಳಬೇಕು. ಅಪ್ಪನ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಅಮ್ಮ ಬಂದವರಿಗೆಲ್ಲ ಅದನ್ನೇ ಹೇಳಿದ್ದಳು. ನೀವೂ ಇಲ್ಲಿಯವರೇ, ನಿಮಗಿದು ತಿಳಿಯದೇ? ಆ ಮರ್ಯಾದೆಯನ್ನೇ ಆರೋಗ್ಯವೆಂದು ಬರೆದುಕೊಂಡು ಕಂಪನಿ ಹಾಸಿಗೆಯ ಹಣ ನಿಲ್ಲಿಸಿತು. ವಾರ್ಡಿನ ಡಾಕ್ಟರು ಗೋಗರೆದರೂ ಕೇಳಲಿಲ್ಲ.

“ಇವನು ಬಾಯಿಗೆ ಬಂದ ಹಾಗೆ ಬೈದಿದ್ರೆ ಇಟ್ಕೊಳ್ತಿದ್ರೇನಮ್ಮಾ?” ಎಂದು ಅಮ್ಮ ನರ್ಸನ್ನು ಕೇಳಿದಳು.

“ಇಟ್ಕೊಳ್ತಿದ್ರೋ ಏನೋ, ಅರ್ನಸ್ಟೀನಮ್ಮಾ,” ಎಂದು ಆಕೆ ಬಟ್ಟೆಗಂಟು ಕೈಗಿತ್ತಳು.

ಮನೆಗೆ ಬಂದ ವಾರದೊಳಗೆ ಡಾರ್ನೆಲ್ ಆ ದನಿಗಳಿಂದ ತಪ್ಪಿಸಿಕೊಳ್ಳಲು ಯಾರದೋ ಅಡುಗೆಮನೆಗೆ ನುಗ್ಗಿ ಚಿಲಕ ಹಾಕಿಕೊಂಡ. ಕಳ್ಳನೆಂದು ಹಿಡಿದರು. ಜೈಲಿನ ಸೌಭಾಗ್ಯ ನೋಡಿ: ಇವನಿಗೆ ಇನ್ನೂ ಹಾಸಿಗೆ ಬೇಕೇ ಎಂದು ಅಲ್ಲಿಗೆ ಯಾರೂ ಫೋನು ಮಾಡುವುದಿಲ್ಲ. ಎಷ್ಟು ದಿನ ಬೇಕಾದರೂ ಇರಬಹುದು. ಔಷಧಿ ಮಾತ್ರ ಕೇಳಬಾರದು.

ನನಗೆ ನಿಮ್ಮ ಸಹಾನುಭೂತಿ ಬೇಡ. ಡಾರ್ನೆಲ್‌ನನ್ನು ಈ ವಾರವೇ ಆಸ್ಪತ್ರೆಗೆ ಸೇರಿಸಿ. ರೋಗಿಯನ್ನು ಕಣ್ಣಾರೆ ಕಾಣದವರು ಅವನನ್ನು ಹೊರಗಟ್ಟುವ ಅಧಿಕಾರವನ್ನು ಕಿತ್ತುಹಾಕಿ. ಇಲ್ಲವೋ, ಕಂಪನಿಯ ಗುತ್ತಿಗೆ ನವೀಕರಿಸುವ ಸಭೆಯಲ್ಲಿ ಮಾತ್ರವಲ್ಲ, ನೀವು ತಲೆ ಬಾಗಿಸುವ ಚರ್ಚಿನಲ್ಲಿ, ಕೂದಲು ಕತ್ತರಿಸಿಕೊಳ್ಳುವ ಅಂಗಡಿಯಲ್ಲಿ, ನಿಮ್ಮ ಮಗಳ ಮದುವೆಯಲ್ಲಿ ಅವನ ಫೋಟೋ ಹಿಡಿದು ನಿಲ್ಲುತ್ತೇನೆ. ನಿಮ್ಮ ಕುರ್ಚಿ ಹೋಗುವವರೆಗೂ ಬಿಡುವವಳಲ್ಲ. ಹೋದ ಮೇಲೂ ಬಿಡುತ್ತೇನೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಮೊನ್ನೆ ಜೈಲಿನ ಗಾಜಿನಾಚೆಯಿಂದ ಡಾರ್ನೆಲ್ ಕೇಳಿದ: “ಅಕ್ಕಾ, ಆ ಡಾಕ್ಟ್ರ ಹತ್ರ ನಾನೇನಾದ್ರೂ ತಪ್ಪು ಮಾತಾಡಿದ್ನಾ?”

ನೀವೇ ಬಂದು ಅವನಿಗೆ ಉತ್ತರ ಹೇಳಿ.

ಇಂತಿ,
ತಮ್ಮನಿಗೆ ಒಳ್ಳೆಯ ನಡತೆ ಕಲಿಸಿ ಕೆಟ್ಟ,
ಲವಾಂಡಾ ಮೋಬ್ಲಿ