ಒಂದನೇ ಸ್ಥಾನದ ಕ್ಯಾಸೆಟ್ಟು

ಯಲ್ದೂರು
14.7.2024

ಪ್ರೀತಿಯ ದೊಡ್ಡಪ್ಪನಿಗೆ ಮೌನಿಕಾಳ ನಮಸ್ಕಾರ.

ಮಾಲೂರಿನಲ್ಲಿ ನೀವೂ ದೊಡ್ಡಮ್ಮನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡಿ. ನಾಲ್ಕು ಸಲ ಬರೆದು ಹರಿದೆ.

‘ಎಲ್ಲರೂ ಕೇಳಬೇಕಾದ ಹತ್ತು ಧ್ವನಿಮುದ್ರಣಗಳು’ ಕರಪತ್ರ ಶುಕ್ರವಾರ ಅಚ್ಚಿಗೆ ಹೋಗಬೇಕು. ನೀವು ಹೇಳಿದ ಜರ್ಮನಿಯ ವಾದ್ಯವೃಂದ ಇದೆ, ರಷ್ಯಾದ ಗಂಡಸರ ವೃಂದಗಾನ ಇದೆ. ಸಂಗೀತ ಟಿಕೆಟ್ಟು ಕೊಂಡವರ ಸೊತ್ತಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಒಂದನೇ ಸ್ಥಾನ ಮಾತ್ರ ನಮ್ಮದಕ್ಕೇ: 1987ರಲ್ಲಿ ಮುಳಬಾಗಿಲಿನ ಒಂದು ಛತ್ರದಲ್ಲಿ ನಿಮ್ಮ ತಂಡ ಮುದ್ರಿಸಿದ ಗದ್ದೆ ನಾಟಿಯ ಹಾಡುಗಳ ಕ್ಯಾಸೆಟ್ಟು. ಹನ್ನೆರಡು ಪಿಟೀಲು, ಎರಡು ಕ್ಲಾರಿನೆಟ್, ಬೈರಕೂರಿನ ಇಪ್ಪತ್ತು ಹೆಂಗಸರು. ಅದರ ಬಗ್ಗೆ ಹೀಗೆ ಬರೆದಿದ್ದೆ: ‘ವಾದ್ಯಗಳು ಹತ್ತಿರ, ಕಂಠಗಳು ದೂರ. ಹೊಲದ ಆಚೆಯಿಂದ ಹಾಡು ಬಂದಂತಿದೆ. ಮುದ್ರಿಸಿದವರ ಕಲ್ಪನೆ ದೊಡ್ಡದು.’

ಕ್ಯಾಸೆಟ್ಟಿನ ಮೇಲೆ ವಾದ್ಯದವರ ಹೆಸರುಗಳಿವೆ, ಹಾಡಿದವರದು ಒಂದೂ ಇಲ್ಲ. ಹಾಡಿದವರ ಹೆಸರನ್ನೂ ಅಚ್ಚು ಹಾಕಿಯೇ ತೀರಬೇಕೆಂದು ಸ್ಪೀಕರ್ ಹೊತ್ತು ಬೈರಕೂರಿನ ಕಾಲೊನಿಗೆ ಹೋದೆ. ಅಂದು ಹಾಡಿದವರಲ್ಲಿ ಆಂಜಿನಮ್ಮ, ಶಾಮಲಮ್ಮ ಸಿಕ್ಕಿದರು. ಹಾಡು ಕೇಳಿಸಿ, ನಾನು ಬರೆದದ್ದನ್ನೂ ಓದಿದೆ. ಶಾಮಲಮ್ಮ ನಕ್ಕುಬಿಟ್ಟರು.

“ದೂರ ಕೇಳ್ದೆ ಇನ್ನೇನು ಅಮ್ಮಾಯಿ? ನಾವು ದೂರಾನೇ ಇದ್ವಲ್ಲ. ಛತ್ರದೊಳಕ್ಕೆ ನಮ್ಮ ಜಾತಿಯೋರ್ನ ಯಾರು ಬಿಟ್ಕೊಂಡ್ರು? ಜಗಲಿ ಮೇಲೆ ನಿಂತು ಬಾಗ್ಲೊಳಕ್ಕೆ ಹಾಡಿದ್ವಿ. ಈ ಆಂಜಿನೀದು ಎಲ್ಲಾರ್ಗಿಂತ ದೊಡ್ಡ ಗಂಟ್ಲು ನೋಡು, ಅವಳ್ನ ಅಂಗಳಕ್ಕೇ ತಳ್ಳಿದ್ರು.”

ಆ ದೂರವನ್ನು ನಾನು ಸೌಂದರ್ಯ ಎಂದು ತಿಳಿದಿದ್ದೆ, ದೊಡ್ಡಪ್ಪ. ಶ್ರೀನಿವಾಸಪುರದ ಸಭೆಯಲ್ಲಿ ಎದ್ದು ನಿಂತು, ಇದು ಸಮಾನತೆಯ ಹಾಡು ಎಂದಿದ್ದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಕಿವಿಯ ಮೇಲೇ ನನಗೀಗ ನಂಬಿಕೆ ಹೋಗಿದೆ.

ಪಟ್ಟಿಯಿಂದ ಅದನ್ನು ತೆಗೆದರೆ ಆ ಹೆಂಗಸರನ್ನು ಇನ್ನೊಮ್ಮೆ ಹೊರಗೆ ನಿಲ್ಲಿಸಿದಂತೆ. ಹಾಗಾಗಿ ಇಡುತ್ತೇನೆ. ಅವರ ಹೆಸರು, ಅವರು ನಿಂತ ಜಾಗ, ಎರಡನ್ನೂ ಅಚ್ಚು ಹಾಕುತ್ತೇನೆ. ನೀವು ಬೇಡವೆಂದರೂ ಹಾಕುತ್ತೇನೆ. ತಂಡಕ್ಕೆ ಕೆಟ್ಟ ಹೆಸರು ಬಂದರೆ ಬರಲಿ.

ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡಿ. ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ. ನಿಮ್ಮಿಬ್ಬರ ಆಶೀರ್ವಾದ ಬೇಡುತ್ತೇನೆ, ಈ ಸಲವೂ.

ನಿಮ್ಮ
ಮೌನಿಕಾ

ತಾ.ಕ.: ಜಗಲಿಯಲ್ಲಿ ನಿಲ್ಲಿಸಿದ್ದು ಯಾರೆಂದು ಕೇಳಿದೆ. ಛತ್ರದವರ ಹೆಸರು ಬರುತ್ತದೆಂದು ಕಾಯುತ್ತಿದ್ದೆ. ನಿಮ್ಮ ಹೆಸರು ಬಂತು. ಜಾತಿಯ ಮಾತನ್ನು ನೀವು ಎತ್ತಲಿಲ್ಲವಂತೆ. ಇವರದು ಒರಟು ಗಂಟಲು, ಹತ್ತಿರ ಬಂದರೆ ಮೈಕಿನಲ್ಲಿ ದನಿ ಒಡೆಯುತ್ತದೆ ಎಂದಿರಂತೆ. ಶಾಮಲಮ್ಮ ನಂಬಲಿಲ್ಲ. ಆಂಜಿನಮ್ಮ ನಂಬಿದರು. ಆಮೇಲೆ ನಾಟಿಗೆ ಹೋದಾಗಲೂ ಅವರು ಬಾಯಿ ತೆರೆದು ಹಾಡಿಲ್ಲ. ‘ಅದು ಸುಳ್ಳು, ನಿಮ್ಮ ಗಂಟಲಲ್ಲಿ ಯಾವ ದೋಷವೂ ಇಲ್ಲ’ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. “ಸುಮ್ನಿರಮ್ಮ,” ಎಂದರು. “ನಿಮ್ಮ ದೊಡ್ಡಪ್ಪನಿಗಿಂತ ನಿನ್ಗೆ ಜಾಸ್ತಿ ಗೊತ್ತಾ?”