ಸೀಟಿ ಇಲ್ಲದ ಮೇಸ್ತ್ರಿ

ಬಲಸಮುದ್ರ
12-2-2025

ನಮ್ಮ ಶೃತಿಗೆ ದೊಡ್ಡಮ್ಮನ ಆಶೀರ್ವಾದ.

ನಿಮ್ಮಪ್ಪ ವೆಂಕಟರಾಮಯ್ಯನವರ ಮಂಡಿನೋವು ಹೇಗಿದೆ? ನಿನ್ನ ಗಂಡ ಜಯಕುಮಾರನ ಕೆಮ್ಮು ನಿಂತಿತೇ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ, ಸೊಟ್ಟ ಅಕ್ಷರ ಸಹಿಸಿಕೋ.

ಮಧುಗಿರಿಯ ಗಾರ್ಮೆಂಟ್ಸಿನಲ್ಲಿ ನೀನು ಸೂಪರ್‌ವೈಸರ್ ಆದೆಯೆಂದು ಊರಿಗೆಲ್ಲ ಬೆಲ್ಲ ಹಂಚಿದವಳು ನಾನು. ಎರಡೇ ತಿಂಗಳಲ್ಲಿ ನಿನ್ನ ಲೈನಿನ ಆರು ಹುಡುಗಿಯರು ಕೆಲಸ ಬಿಟ್ಟರು, ತಿಂಗಳ ಕೊನೆಗೆ ನಾನೂ ಬಿಡುತ್ತೇನೆ ಅಂದೆಯಲ್ಲ, ಅದಕ್ಕೂ ಮೊದಲು ಇಲ್ಲಿಯದೊಂದು ಸಂಗತಿ ಕೇಳು.

ಸೋಲಾರ್ ಪ್ಲೇಟು ತೊಳೆಯುವ ನಮ್ಮ ತಂಡದಲ್ಲಿ ಹದಿನಾಲ್ಕು ಹೆಂಗಸರು. ಮೊದಲು ಮೇಸ್ತ್ರಿಯ ಕೊರಳಲ್ಲಿ ಸೀಟಿ ಇತ್ತು. ಕೈ ನಿಂತರೆ ಸೀಟಿ, ನಕ್ಕರೆ ಸೀಟಿ. ತಡವಾಗಿ ಬಂದವಳಿಗೆ ನೀರಿನ ಟ್ಯಾಂಕರಿನಿಂದ ದೂರದ ಪ್ಲೇಟಿನ ಸಾಲೇ ಶಿಕ್ಷೆ, ಅಲ್ಲಿಯವರೆಗೆ ನೀರು ಹೊರಬೇಕು. ಊಟಕ್ಕೆ ಮೇಸ್ತ್ರಿ ಒಂದು ಕಡೆ, ಹೆಂಗಸರು ಬೆನ್ನು ತಿರುಗಿಸಿಕೊಂಡು ಇನ್ನೊಂದು ಕಡೆ. ಬೇಸಿಗೆ ಮುಗಿಯುವುದರೊಳಗೆ ಏಳು ಜನ ಬಿಟ್ಟುಹೋದರು. ಸೋಮಾರಿಗಳು, ಹೋಗಲಿ ಎಂದು ಮೇಸ್ತ್ರಿ ಬೈದದ್ದೂ ಅವರನ್ನೇ.

ಒಂದು ದಿನ ಮೇಸ್ತ್ರಿಯ ಬುತ್ತಿ ಆಟೋದಲ್ಲೇ ಉಳಿದುಹೋಯಿತು. ಬೆಳಿಗ್ಗೆ ಬೈಸಿಕೊಂಡಿದ್ದ ನರಸಮ್ಮನೇ ಎದ್ದು ಬಂದಳು. ಡಬ್ಬಿಯ ಮುಚ್ಚಳದಲ್ಲಿ ಅರ್ಧ ಮುದ್ದೆ ಇಟ್ಟು, "ಸೀಟಿ ಊದಿದ್ರೆ ಹೊಟ್ಟೆ ತುಂಬ್ತದಾ? ಬಾರಕ್ಕ, ಉಣ್ಣು" ಅಂದಳು.

ಅಂದಿನಿಂದ ಎಲ್ಲರ ಊಟ ಒಂದೇ ಸುತ್ತಿನಲ್ಲಿ. ಉಣ್ಣುತ್ತಾ ಕಷ್ಟಸುಖದ ಮಾತು ಬಂತು. ದೂರದ ಸಾಲು ಸರದಿಯ ಮೇಲಾಯಿತು, ಮೇಸ್ತ್ರಿಗೂ ಸರದಿ. ಬಿಟ್ಟ ಏಳು ಜನರಲ್ಲಿ ಐವರು ತಾವಾಗಿಯೇ ಬಂದರು. ನಗು ಹೆಚ್ಚಿತೆಂದು ಕೆಲಸ ಕುಗ್ಗಲಿಲ್ಲ, ಈಗ ದಿನಕ್ಕೆ ಎರಡು ಸಾಲು ಹೆಚ್ಚೇ ತೊಳೆಯುತ್ತಾರೆ.

ಹೋದ ವಾರ ಪಕ್ಕದ ಕಂಟ್ರಾಕ್ಟರ್ ಹೆಚ್ಚು ಕೂಲಿ ಕೊಡುತ್ತೇನೆಂದು ಕರೆಯಲು ಬಂದ. "ನಿಮ್ತಾವ ನಕ್ರೆ ಕೂಲಿ ಹಿಡೀತಾರಂತೆ. ನಾವ್ ಬರಾಕಿಲ್ಲ, ಹೋಗಪ್ಪ" ಎಂದು ನರಸಮ್ಮ ಸಾಗಹಾಕಿದಳು. ಒಬ್ಬಳೂ ಕದಲಲಿಲ್ಲ. ನನಗೆ ಎದೆ ತುಂಬಿಬಂತು ಕಣಮ್ಮ.

ನಿನ್ನ ಡಬ್ಬಿ ಹಿಡಿದುಕೊಂಡು ಆ ಹುಡುಗಿಯರ ನಡುವೆ ಒಂದು ದಿನ ಕೂತು ಉಣ್ಣು. ಬಿಡುವ ಮಾತು ಆಮೇಲೆ. ಅವರು ಏನಂದರೆಂದು ತಡಮಾಡದೆ ಬರೆ. ಪೋಸ್ಟಿನ ದಾಸಯ್ಯನ ದಾರಿ ನೋಡುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ,
ಹನುಮಕ್ಕ

ಇನ್ನೊಂದು ಮಾತು: ನಾನು ಪ್ಲೇಟು ತೊಳೆಯುವವಳೆಂದೇ ನೀವೆಲ್ಲ ತಿಳಿದಿದ್ದೀರಿ. ಆ ಮೇಸ್ತ್ರಿ ನಾನೇ. ಸೀಟಿ ಈಗ ನರಸಮ್ಮನ ಮೇಕೆಮರಿಯ ಕೊರಳಲ್ಲಿದೆ.