ಗೇರ್‌ಬಾಕ್ಸ್ ಕಟ್ಟಿದ ಚೀಲ

ಜನವರಿ 9, ಗುರುವಾರ

ಗೇರ್‌ಬಾಕ್ಸಿನ ಆಯಿಲ್ ಇನ್ನೂ ತೊಟ್ಟಿಕ್ಕುತ್ತಿದೆ. ನಿನ್ನೆಯಿಂದ ಬೋರಲು ಹಾಕಿದ್ದರೂ ಮುಗಿಯುತ್ತಿಲ್ಲ. ಸೋರಿದರೆ ಪಾರ್ಸೆಲ್ ಆಫೀಸಿನವರು ಮುಟ್ಟುವುದೇ ಇಲ್ಲ. ಇವರು ಸೊಂಟ ಹಿಡಿದು ಮಲಗಿದ ಮೇಲೆ ಮಂಚದಿಂದಲೇ ಗ್ಯಾರೇಜ್ ನಡೆಸುತ್ತಿದ್ದಾರೆ — ಆ ಬೋಲ್ಟ್ ಬಿಚ್ಚು, ಈ ತೂತಿಗೆ ಬಟ್ಟೆ ತುರುಕು. ಕೈ ನನ್ನದು, ಬಾಯಿ ಅವರದು.

ನಾವು ಬಿಚ್ಚಿ ಮಾರುವ ಹಳೇ ಜೀಪಿನ ಮಾಲು ದೂರದ ಊರಿಗೆ ಹೋಗುತ್ತಿರುವುದು ಇದೇ ಮೊದಲು. ದಾವಣಗೆರೆಯ ಏಕಾಂತಯ್ಯ ಅನ್ನುವವರಿಗೆ. ಮರದ ಪೆಟ್ಟಿಗೆ ಮಾಡಿಸಿದರೆ ಪೆಟ್ಟಿಗೆಯ ತೂಕಕ್ಕೂ ಬಾಡಿಗೆ ಕಟ್ಟಬೇಕು. ಅದಕ್ಕೇ ನನ್ನ ಉಪಾಯ. ಪ್ಲಾಸ್ಟಿಕ್ ಸುತ್ತಿ, ತಳಕ್ಕೆ ಸ್ಕೂಟರ್ ಟೈರ್ ಇಟ್ಟು, ಸುತ್ತ ಕಾಫಿ ಹೊಟ್ಟು ತುಂಬಿ, ಗೋಣಿಚೀಲದಲ್ಲಿ ಹೊಲಿದೆ. ಹೊಟ್ಟು ಹಗುರ, ಪುಕ್ಕಟೆ ಬೇರೆ. ಚೀಲ, ಹೊಟ್ಟು ಎರಡನ್ನೂ ತಮ್ಮ ಮೋಹಿತ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿ ತಂದುಕೊಟ್ಟ. ಚೀಲದ ಮೇಲೆ ಎಸ್ಟೇಟಿನ ಗುರುತು ದೊಡ್ಡದಾಗಿದೆ. ಒಳಮಗ್ಗಲು ಮಾಡಿ ಹೊಲಿಯಬೇಕಿತ್ತು. ಕೈ ಸೋತಿತ್ತು, ಬಿಟ್ಟೆ.

ತೂಕ ಐವತ್ತೈದು ಕೆಜಿ ಬಂತು.

ಜನವರಿ 10, ಸಂಜೆ

ಮೋಹಿತ ಬಂದು ಚೀಲ ಹಾಕಿಕೊಂಡು ಹೋದ. ಹೆತ್ತೂರಿನ ಎಸ್ಟೇಟಿನಿಂದ ಹಾಸನದ ಕ್ಯೂರಿಂಗ್ ಕಾರ್ಖಾನೆಗೆ ಕಾಫಿ ಸಾಗಿಸುವ ಪಿಕಪ್, ಅವನೇ ಡ್ರೈವರ್. ಎಸ್ಟೇಟಿನ ಸಾಹುಕಾರ್ರು ಸುಬ್ಬಯ್ಯನವರು ಒಪ್ಪಿದ್ದಾರಂತೆ. ಹಾಸನದ ಪಾರ್ಸೆಲ್ ಆಫೀಸಿನವರೆಗಿನ ಬಾಡಿಗೆ ಉಳಿಯಿತು.

ಆದರೂ ಮನಸ್ಸಿಗೆ ಕಸಿವಿಸಿ. ಹೋದ ವರ್ಷ ಸ್ಟೋರಿನಲ್ಲಿ ಕಾಫಿ ಕಳುವಾದಾಗ ಇವನನ್ನೇ ಕೆಲಸದಿಂದ ಬಿಡಿಸಿದ್ದರು. ಸಾಕ್ಷಿ ಇರಲಿಲ್ಲ. ಸುಬ್ಬಯ್ಯನವರ ಮುಂದೆ ನಿಂತು, ನನ್ನ ತಮ್ಮ ಕದಿಯುವವನಲ್ಲ ಅಂತ ಹೇಳಿ ಬಂದವಳು ನಾನು. ಈ ಸೀಸನ್ನಿಗೆ ಮತ್ತೆ ಕರೆದರು. ಇನ್ನೊಂದು ಸಲ ಹೆಸರು ಕೆಟ್ಟರೆ ಈ ಸುತ್ತಿನಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡುವುದಿಲ್ಲ.

ಜನವರಿ 11, ಬೆಳಿಗ್ಗೆ

ರಾತ್ರಿಯೆಲ್ಲ ಅಕಾಲದ ಮಳೆ. ಕಣದಲ್ಲಿ ಕಾಫಿ ಹರಡಿದವರ ಪಾಡು ಯಾರಿಗೂ ಬೇಡ.

ಹಾಸನದ ಪಾರ್ಸೆಲ್ ಆಫೀಸಿನಿಂದ ಪ್ರವೀಣ್ ಫೋನ್ ಮಾಡಿದ. ಮೋಹಿತ ಚೀಲ ಇಳಿಸಿ ಹೋದನಂತೆ. ತೂಕ ಅರವತ್ತೊಂಬತ್ತು! "ಗೇರ್‌ಬಾಕ್ಸ್ ಅಂದಿದ್ರಿ ಮೇಡಂ, ಬರೀ ಕಾಫಿ ವಾಸ್ನೆ ಹೊಡೀತೈತೆ. ಒಳಗೆ ಬೇರೇನಾರ ಐತಾ?" ಇಲ್ಲ ಅಂದೆ.

ಅದರ ಹಿಂದೆಯೇ ಎಸ್ಟೇಟಿನ ರೈಟರ್. ಸ್ಟೋರಿನಲ್ಲಿ ಅರ್ಧ ಮೂಟೆ ಕಾಫಿ ಕಾಣುತ್ತಿಲ್ಲ, ಮೋಹಿತನ ಫೋನ್ ಹೋಗುತ್ತಿಲ್ಲ, ನಿಮ್ಮಲ್ಲಿಗೆ ಬಂದನಾ ಅಂತ. ನಾನು ಮಾಡಿದರೂ ಸ್ವಿಚ್ ಆಫ್.

ಹದಿನಾಲ್ಕು ಕೆಜಿ ಎಲ್ಲಿಂದ ಬಂತು? ಇಲ್ಲ, ಅವನಲ್ಲ. ಆದರೆ... ಚೀಲ ರಾತ್ರಿಯೆಲ್ಲ ಅವನ ಹತ್ತಿರವೇ ಇತ್ತು.

ಇವರಿಗೆ ಹೇಳದೆ ಹಾಸನದ ಬಸ್ಸು ಹಿಡಿಯುತ್ತೇನೆ. ಎಸ್ಟೇಟಿನವರಿಗಿಂತ ಮೊದಲು ನಾನು ಬಿಚ್ಚಿ ನೋಡಬೇಕು. ಸಿಕ್ಕಿದರೆ ಏನು ಮಾಡುತ್ತೇನೋ, ಗೊತ್ತಿಲ್ಲ.

ಅದೇ ದಿನ, ಸಂಜೆ

ಪ್ರವೀಣನ ಹತ್ತಿರ ಬ್ಲೇಡ್ ಈಸಿಕೊಂಡು ಕೊಯ್ದೆ. ಹೊಲಿಗೆ ನನ್ನದೇನಾ ಅಂತ ಕೂಡ ನೋಡಲಿಲ್ಲ. ಹೊಟ್ಟು ನೀರು ಕುಡಿದು ಕಪ್ಪಗೆ ಮುದ್ದೆಯಾಗಿತ್ತು. ಹೆಚ್ಚಿನ ತೂಕ ಮಳೆನೀರಿನದು ಅಂತ ಅಲ್ಲಿಗೇ ಅರ್ಥವಾಗಬೇಕಿತ್ತು. ಆದರೂ ಭುಜದವರೆಗೆ ಕೈ ತೂರಿಸಿ ತಳದಲ್ಲಿ ತಡಕಾಡಿದೆ. ಟೈರು, ಕಬ್ಬಿಣ, ಹೊಟ್ಟು. ಅಷ್ಟೇ.

ತಿರುಗಿದರೆ ಮೋಹಿತ. ಕಂಕುಳಲ್ಲಿ ಒಣಹುಲ್ಲಿನ ಕಂತೆ, ಕೈಯಲ್ಲಿ ಬೇರೆ ಚೀಲ. ಕ್ಯೂರಿಂಗಿನ ಗೇಟ್ ಹಾಕಿಬಿಟ್ಟಿದ್ದರಿಂದ ರಾತ್ರಿ ರಸ್ತೆಯಲ್ಲೇ ಕಳೆದನಂತೆ. ಟಾರ್ಪಾಲು ಸಾಹುಕಾರರ ಕಾಫಿಗೇ ಸಾಲದೆ ನಮ್ಮ ಚೀಲ ನೆನೆಯಿತಂತೆ. ಮೂಟೆ ಮುಚ್ಚುವಾಗ ಫೋನೂ ನೆನೆದು ಕೆಟ್ಟಿದೆ.

"ಏನ್ ಹುಡುಕ್ತಿದ್ದೆ ಅಕ್ಕ?"

ಒದ್ದೆಯಾಗೈತಾ ಅಂತ ನೋಡ್ತಿದ್ದೆ ಕಣೋ ಅಂದೆ.

"ಒದ್ದೆ ಆಗಿರೋದು ಮೇಲ್ಗಡೇನೇ ಕಾಣ್ತೈತೆ. ತಳಕ್ಕೆ ಯಾಕೆ ಕೈ ಹಾಕ್ದೆ?"

ಇಬ್ಬರೂ ಕೂತು ಹುಲ್ಲು ತುಂಬಿ ಹೊಲಿದೆವು. ಅವನು ದಾರ ಎಳೆದ, ನಾನು ಸೂಜಿ ಹಿಡಿದೆ. ತೂಕ ಸರಿಹೋಯಿತು, ಪಾರ್ಸೆಲ್ ಹೋಯಿತು. ನನ್ನ ಮೇಲೆ ನನಗೇ ಅಸಹ್ಯ.

ವಾಪಸ್ಸು ಬರುವಾಗ ರೈಟರ್ ಫೋನ್ ಮಾಡಿದ. ಮಳೆಗೆ ಹೆದರಿ ಯಾರೋ ಆ ಅರ್ಧ ಮೂಟೆಯನ್ನು ಬಂಗಲೆಯ ಜಗಲಿಗೆ ಎಳೆದು ಹಾಕಿದ್ದರಂತೆ. ನಗುತ್ತಿದ್ದ.

ಜನವರಿ 20

ಗೇರ್‌ಬಾಕ್ಸ್ ಒಂದು ಗೀರೂ ಬೀಳದೆ ತಲುಪಿದೆ. ಏಕಾಂತಯ್ಯನವರು ಈಗ ಆಕ್ಸಲ್ ಕೇಳಿದ್ದಾರೆ. ಇವರಿಗೆ ಖುಷಿಯೋ ಖುಷಿ. ಮೋಹಿತ ಯಾಕೆ ಈ ಕಡೆ ಬರಲೇ ಇಲ್ಲ ಅಂದರು. ಸೀಸನ್ನು, ಬಿಡುವಿಲ್ಲ ಅಂದೆ.

ಜನವರಿ 24, ಬೆಳಿಗ್ಗೆ

ಪಿಕಪ್ಪಿನ ಸದ್ದು ಕೇಳಿತು. ಒಳಗೆ ಬರುತ್ತಾನೆ ಅಂತ ಕಾಫಿಗೆ ಇಟ್ಟೆ. ಬರಲಿಲ್ಲ. ಬಾಗಿಲು ತೆಗೆದರೆ ಗ್ಯಾರೇಜಿನ ಮುಂದೆ ಎರಡು ಚೀಲ ಒಣ ಹೊಟ್ಟು. ಆಕ್ಸಲ್ ವಿಷಯ ಇವರೇ ಹೇಳಿರಬೇಕು.

ಎರಡೂ ಚೀಲ ಒಳಮಗ್ಗಲು ಮಾಡಿ ತುಂಬಿದ್ದಾನೆ. ಗುರುತು ಕಾಣುವುದಿಲ್ಲ. ಬಾಯಿ ಮಾತ್ರ ಕಟ್ಟಿಲ್ಲ, ಅಗಲಕ್ಕೆ ತೆರೆದಿಟ್ಟಿದ್ದಾನೆ. ಅಕ್ಕ ತಳದವರೆಗೆ ಕೈ ಹಾಕಿ ನೋಡಿಕೊಳ್ಳಲಿ ಅಂತ.

ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಇವತ್ತೇ ಹೆತ್ತೂರಿನ ಬಸ್ಸು ಹತ್ತುತ್ತೇನೆ. ಅವನ ಮುಂದೆ ನಿಂತು, ಮೋಹಿತ, ಅವತ್ತು ನಾನು ನಿನ್ನನ್ನೇ ಅನುಮಾನಿಸಿದೆ ಕಣೋ ಅಂತ ಹೇಳಿಬಿಡುತ್ತೇನೆ.